ಪುಟ್ಟ ಕಾಲೇಜಿನ ಗೆಲುವು, ಕಾಣದ ಪೆಟ್ಟು

2023ರ ಡಿಸೆಂಬರ್ 15ರಂದು ವರ್ಜೀನಿಯಾದ ಸೇಲಂನಲ್ಲಿ ನಡೆದ ಸ್ಟ್ಯಾಗ್ ಬೌಲ್ ಪಂದ್ಯದಲ್ಲಿ ನ್ಯೂಯಾರ್ಕ್ ರಾಜ್ಯದ ಕಾರ್ಟ್‌ಲೆಂಡ್ ಕಾಲೇಜು ಹಿಂದಿನ ವರ್ಷದ ವಿಜೇತ ನಾರ್ತ್ ಸೆಂಟ್ರಲ್ ತಂಡವನ್ನು 38-37ರಿಂದ ಸೋಲಿಸಿ, ಅಮೆರಿಕನ್ ಫುಟ್‌ಬಾಲ್‌ನ ಮೂರನೆಯ ವಿಭಾಗದ ರಾಷ್ಟ್ರೀಯ ಪ್ರಶಸ್ತಿಯನ್ನು ಮೊದಲ ಬಾರಿಗೆ ಪಡೆಯಿತು. ಕೊನೆಯ ಗಳಿಗೆಯಲ್ಲಿ ಎದುರಾಳಿಗಳು ಎರಡು ಅಂಕಗಳಿಗಾಗಿ ನಡೆಸಿದ ಯತ್ನ ವಿಫಲವಾದದ್ದೇ ನಿರ್ಣಾಯಕವಾಯಿತು.

ಈ ವಿಭಾಗದಲ್ಲಿ ಕ್ರೀಡಾ ವಿದ್ಯಾರ್ಥಿವೇತನವಿಲ್ಲ. ದೊಡ್ಡ ವಿಶ್ವವಿದ್ಯಾಲಯಗಳಿಗೆ ದೊರೆಯುವ ದೂರದರ್ಶನದ ಹಣವೂ ಇಲ್ಲ. ಆಟಗಾರರನ್ನು ಅಂಗಳಕ್ಕೆ ಕರೆತರುವುದು ಬಹುಮಟ್ಟಿಗೆ ಆಟದ ಪ್ರೀತಿಯೇ. ಆದರೆ ಮೆದುಳಿಗೆ ವಿಭಾಗಗಳ ಭೇದ ತಿಳಿಯದು. ಶಿರಸ್ತ್ರಾಣವು ತಲೆಬುರುಡೆಯನ್ನು ಕಾಯುತ್ತದೆ. ಅದರೊಳಗೆ ಮೆದುಳು ಅಲುಗುವುದನ್ನು ತಡೆಯಲಾರದು. 2017ರಲ್ಲಿ ಪ್ರಕಟವಾದ ಬಾಸ್ಟನ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ, ಕಾಲೇಜು ಮಟ್ಟದವರೆಗೆ ಆಡಿದ್ದ 53 ಮೃತರ ಪೈಕಿ 48 ಮಂದಿಯ ಮೆದುಳಿನಲ್ಲಿ ಮರುಮರಳಿ ಬಿದ್ದ ಪೆಟ್ಟುಗಳಿಂದ ಉಂಟಾಗುವ ಅವನತಿಕಾರಕ ರೋಗ ಸಿ.ಟಿ.ಇ. ಕಂಡುಬಂದಿತು. ಕುಟುಂಬಗಳು ದಾನವಾಗಿ ನೀಡಿದ ಮೆದುಳುಗಳಿವು. ಆದ್ದರಿಂದ ಈ ಪ್ರಮಾಣವನ್ನು ಎಲ್ಲ ಆಟಗಾರರಿಗೂ ಅನ್ವಯಿಸಲಾಗದು. ಎಚ್ಚರಿಕೆಯಂತೂ ಸ್ಪಷ್ಟ.

ಪ್ರಜ್ಞೆ ತಪ್ಪಿಸುವ ಪೆಟ್ಟು ಎಲ್ಲರ ಕಣ್ಣಿಗೂ ಬೀಳುತ್ತದೆ. ಲಕ್ಷಣ ತೋರದ ನೂರಾರು ಸಣ್ಣ ಪೆಟ್ಟುಗಳು ಯಾರ ಲೆಕ್ಕಕ್ಕೂ ಸಿಗವು. ಅವುಗಳಲ್ಲಿ ಬಹಳಷ್ಟು ಬೀಳುವುದು ಪಂದ್ಯದಲ್ಲಲ್ಲ, ಅಭ್ಯಾಸದಲ್ಲಿ. ಆದ್ದರಿಂದ ಅಭ್ಯಾಸದಲ್ಲಿ ಡಿಕ್ಕಿಗಳನ್ನು ಕಡಿಮೆಮಾಡುವುದು, ಆಟಗಾರ ಮರಳಿ ಅಂಗಳಕ್ಕಿಳಿಯುವ ವಿಷಯದಲ್ಲಿ ತರಬೇತುದಾರನ ಮಾತಿಗಿಂತ ವೈದ್ಯರ ಮಾತೇ ಅಂತಿಮವಾಗುವುದು, ಇವೆರಡೂ ಪುಟ್ಟ ಕಾಲೇಜಿಗೂ ಸಾಧ್ಯ. ಪ್ರೀತಿಯಿಂದ ಆಡುವವರಿಗೆ ಸಂಸ್ಥೆಗಳು ಸಲ್ಲಿಸಬೇಕಾದ ಕನಿಷ್ಠ ಋಣವಿದು.