ಕಡತ ಕುರ್ಚಿಯದು, ಕುಳಿತವರದ್ದಲ್ಲ

2022ರ ಆಗಸ್ಟ್ 8ರಂದು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ, ಫ್ಲಾರಿಡಾದ ಪಾಮ್ ಬೀಚ್‌ನಲ್ಲಿರುವ ಮಾಜಿ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರ ಮಾರ್-ಎ-ಲಾಗೊ ನಿವಾಸದ ಬಾಗಿಲು ತಟ್ಟಿತು. ಹುಡುಕಿದ್ದು ಹಣವನ್ನಲ್ಲ, ಬಂಗಾರವನ್ನಲ್ಲ, ಕಾಗದಗಳನ್ನು. ಅಂದು ‘ರಹಸ್ಯ’ ಎಂಬ ಮೊಹರು ಬಿದ್ದ ನೂರಕ್ಕೂ ಹೆಚ್ಚು ದಾಖಲೆಗಳು ಅಲ್ಲಿ ಸಿಕ್ಕಿದವು. ಸರಕಾರದ ಕಡತಗಳಿದ್ದ ಪೆಟ್ಟಿಗೆಗಳನ್ನು ನೃತ್ಯ ಸಭಾಂಗಣದ ವೇದಿಕೆಯ ಮೇಲೆ, ಬಚ್ಚಲುಮನೆಯಲ್ಲಿ ಪೇರಿಸಿಟ್ಟಿದ್ದ ಚಿತ್ರಗಳನ್ನು ಮುಂದೆ ದೋಷಾರೋಪ ಪಟ್ಟಿಯಲ್ಲಿ ಜಗತ್ತೇ ನೋಡಿತು.

ಆ ಮೊಕದ್ದಮೆ ಈಗ ಮುಗಿದ ಕಥೆ. ಆದರೆ ಅದು ಎತ್ತಿದ ಪ್ರಶ್ನೆ ಮುಗಿದಿಲ್ಲ. ಅಧಿಕಾರದಲ್ಲಿದ್ದಾಗ ಕೈಗೆ ಬಂದ ಕಾಗದ ಯಾರ ಸ್ವತ್ತು? ಅದನ್ನು ಕಾಯಬೇಕಾದವನೇ ಮನೆಗೆ ಒಯ್ದರೆ ಕೇಳುವವರು ಯಾರು? ಈ ಪ್ರಶ್ನೆಗೆ ಅಮೆರಿಕ ಕೊಟ್ಟ ಉತ್ತರವನ್ನು ನಾವಿಲ್ಲಿ ಪರಿಶೀಲಿಸಬಯಸುತ್ತೇವೆ. ಏಕೆಂದರೆ ಅದರಲ್ಲಿ ನಮಗೂ ಪಾಠವಿದೆ.

ಮನೆಯ ಸೊತ್ತಿನಿಂದ ಜನರ ಸೊತ್ತಿಗೆ

ಅಮೆರಿಕದಲ್ಲಿ ಸುಮಾರು ಎರಡು ಶತಮಾನಗಳ ಕಾಲ ಅಧ್ಯಕ್ಷರ ಕಾಗದಪತ್ರಗಳು ಅವರ ಖಾಸಗಿ ಸೊತ್ತೆಂದೇ ನಡೆದುಬಂದಿತ್ತು. ಹುದ್ದೆ ಬಿಡುವಾಗ ಅವರು ಅವನ್ನು ಒಯ್ಯಬಹುದಿತ್ತು, ಸುಡಲೂಬಹುದಿತ್ತು. ಈ ಪದ್ಧತಿಯನ್ನು ಮುರಿದದ್ದು ವಾಟರ್‌ಗೇಟ್ ಹಗರಣ. ರಿಚರ್ಡ್ ನಿಕ್ಸನ್ ಅವರ ಕಚೇರಿಯ ಧ್ವನಿಸುರುಳಿಯೊಂದರಲ್ಲಿ ಹದಿನೆಂಟೂವರೆ ನಿಮಿಷಗಳ ಮಾತು ಅಳಿಸಿಹೋಗಿತ್ತು. 1974ರಲ್ಲಿ ಅವರು ರಾಜೀನಾಮೆ ಕೊಟ್ಟ ಬಳಿಕ, ಉಳಿದ ಸುರುಳಿ, ಕಾಗದಗಳಿಗೂ ಇದೇ ಗತಿ ಬರಬಾರದೆಂದು ಸಂಸತ್ತು ಅವುಗಳನ್ನು ಸರಕಾರದ ವಶಕ್ಕೆ ತೆಗೆದುಕೊಂಡಿತು. 1978ರಲ್ಲಿ ಅಧ್ಯಕ್ಷೀಯ ದಾಖಲೆಗಳ ಕಾಯಿದೆ ಬಂತು. ಅಧ್ಯಕ್ಷರ ಅಧಿಕೃತ ದಾಖಲೆಗಳು ಜನರ ಸೊತ್ತು, ಅವಧಿ ಮುಗಿದೊಡನೆ ಅವು ರಾಷ್ಟ್ರೀಯ ಪತ್ರಾಗಾರದ ವಶಕ್ಕೆ ಬರತಕ್ಕದ್ದು ಎಂಬುದು ಅದರ ಸಾರ.

ನಮ್ಮ ಹಿರಿಯರಿಗೆ ಈ ಬದಲಾವಣೆ ಹೊಸದಲ್ಲ. ಶಾನುಭೋಗಿಕೆ ವಂಶಪಾರಂಪರ್ಯವಾಗಿದ್ದ ಕಾಲದಲ್ಲಿ ಊರಿನ ಜಮೀನು ಲೆಕ್ಕ ಶಾನುಭೋಗರ ಮನೆಯಲ್ಲೇ ಇರುತ್ತಿತ್ತು. ಈಗ ಗ್ರಾಮ ಲೆಕ್ಕಿಗರು ವರ್ಗವಾಗಿ ಹೋಗುತ್ತಾರೆ, ಪುಸ್ತಕ ಕಚೇರಿಯಲ್ಲೇ ಉಳಿಯುತ್ತದೆ. ಗ್ರಾಮ ಲೆಕ್ಕಿಗರಿಗೆ ಅನ್ವಯಿಸುವ ನೀತಿ ದೇಶದ ಅಧ್ಯಕ್ಷರಿಗೂ ಅನ್ವಯಿಸಬೇಡವೇ?

ಪಕ್ಷ ಭೇದವಿಲ್ಲದ ಚಾಳಿ

ಇದು ಒಬ್ಬ ವ್ಯಕ್ತಿಯ ಅಥವಾ ಒಂದು ಪಕ್ಷದ ದೋಷವಲ್ಲ. ಹಿಲರಿ ಕ್ಲಿಂಟನ್ 2009ರಿಂದ 2013ರವರೆಗೆ ವಿದೇಶಾಂಗ ಸಚಿವೆಯಾಗಿದ್ದಾಗ ಸರಕಾರಿ ವ್ಯವಹಾರಕ್ಕೆ ಖಾಸಗಿ ಇ-ಮೇಲ್ ಸರ್ವರ್ ಬಳಸಿದರು. ಅವರ ನಡೆ ತೀರಾ ಬೇಜವಾಬ್ದಾರಿಯದ್ದೆಂದು 2016ರಲ್ಲಿ ಎಫ್‌ಬಿಐ ನಿರ್ದೇಶಕ ಜೇಮ್ಸ್ ಕೋಮಿ ಹೇಳಿದರು. ಆದರೆ ಮೊಕದ್ದಮೆ ಹೂಡುವುದು ಬೇಡವೆಂದರು. 2022ರ ನವೆಂಬರ್‌ನಲ್ಲಿ ಜೋ ಬೈಡನ್ ಹಿಂದೆ ಬಳಸುತ್ತಿದ್ದ ವಾಷಿಂಗ್ಟನ್ನಿನ ಕಚೇರಿಯಲ್ಲಿ, ಆ ಬಳಿಕ ಅವರ ಮನೆಯ ಗ್ಯಾರೇಜಿನಲ್ಲಿ, ಉಪಾಧ್ಯಕ್ಷರಾಗಿದ್ದ ಕಾಲದ ರಹಸ್ಯ ಕಾಗದಗಳು ಸಿಕ್ಕಿದವು. 2023ರ ಜನವರಿಯಲ್ಲಿ ಮೈಕ್ ಪೆನ್ಸ್ ಅವರ ಮನೆಯಲ್ಲೂ ಸಿಕ್ಕಿದವು.

ಹಾಗೆಂದು ಎಲ್ಲವೂ ಒಂದೇ ಅಲ್ಲ. ಬೈಡನ್ ಮತ್ತು ಪೆನ್ಸ್ ಕಡೆಯವರು ತಾವಾಗಿಯೇ ಮಾಹಿತಿ ನೀಡಿ ಕಾಗದ ಒಪ್ಪಿಸಿದರು. ಟ್ರಂಪ್ ಪ್ರಕರಣದಲ್ಲಿ ಪತ್ರಾಗಾರ ತಿಂಗಳುಗಟ್ಟಲೆ ಕೇಳಿದ ಮೇಲೆ, 2022ರ ಜನವರಿಯಲ್ಲಿ 15 ಪೆಟ್ಟಿಗೆಗಳು ಬಂದವು. ನ್ಯಾಯಾಂಗದ ಆದೇಶದ ಮೇರೆಗೆ ಜೂನ್‌ನಲ್ಲಿ ಇನ್ನೂ 38 ರಹಸ್ಯ ದಾಖಲೆಗಳು ಬಂದವು. ಇನ್ನೇನೂ ಉಳಿದಿಲ್ಲವೆಂದು ಅವರ ಕಡೆಯಿಂದ ಲಿಖಿತ ಹೇಳಿಕೆಯೂ ಬಂತು. ಆಗಸ್ಟ್‌ನ ಶೋಧ ನಡೆದದ್ದು ಇದರ ನಂತರ. 2023ರಲ್ಲಿ ಅವರ ಮೇಲೆ ಹೊರಿಸಿದ ಆರೋಪದ ತಿರುಳು ಕಾಗದ ಒಯ್ದದ್ದಷ್ಟೇ ಅಲ್ಲ, ಕೇಳಿದಾಗ ಕೊಡದೆ ಬಚ್ಚಿಟ್ಟದ್ದು. ಟ್ರಂಪ್ ಎಲ್ಲವನ್ನೂ ನಿರಾಕರಿಸಿದರು.

ಎರಡು ತಕ್ಕಡಿ

ಕೊನೆಗೆ ಆದದ್ದೇನು? 2024ರ ಫೆಬ್ರವರಿಯಲ್ಲಿ ಬೈಡನ್ ಕುರಿತ ವಿಶೇಷ ತನಿಖಾಧಿಕಾರಿಯ ವರದಿ ಬಂತು. ಅವರು ಬೇಕೆಂದೇ ಕೆಲವು ದಾಖಲೆಗಳನ್ನು ಇಟ್ಟುಕೊಂಡದ್ದಕ್ಕೆ ಸಾಕ್ಷ್ಯವಿದೆ, ಆದರೆ ಶಂಕಾತೀತವಾಗಿ ರುಜುವಾತುಪಡಿಸುವಷ್ಟಿಲ್ಲ ಎಂದ ವರದಿ ಮೊಕದ್ದಮೆಯನ್ನು ಕೈಬಿಟ್ಟಿತು. ಅದೇ ವರ್ಷ ಜುಲೈ 15ರಂದು ನ್ಯಾಯಾಧೀಶೆ ಐಲೀನ್ ಕ್ಯಾನನ್, ವಿಶೇಷ ಪ್ರಾಸಿಕ್ಯೂಟರರ ನೇಮಕವೇ ಸಂವಿಧಾನಬದ್ಧವಲ್ಲವೆಂದು ಟ್ರಂಪ್ ಮೇಲಿನ ಕೇಸನ್ನು ವಜಾ ಮಾಡಿದರು. ನವೆಂಬರ್‌ನಲ್ಲಿ ಟ್ರಂಪ್ ಚುನಾವಣೆ ಗೆದ್ದರು. ಅವರ ವಿರುದ್ಧದ ಮೇಲ್ಮನವಿಯನ್ನು ಸರಕಾರ ಹಿಂದಕ್ಕೆ ಪಡೆಯಿತು. ಕಾಗದ ಬಚ್ಚಿಟ್ಟದ್ದು ನಿಜವೋ ಸುಳ್ಳೋ ಎಂಬುದರ ವಿಚಾರಣೆ ನಡೆಯಲೇ ಇಲ್ಲ.

ಈಗ ಸಣ್ಣವರ ಕಡೆ ನೋಡೋಣ. ಗೂಢಚರ ಸಂಸ್ಥೆ ಎನ್‌ಎಸ್‌ಎ ನೌಕರನೊಬ್ಬ ಕಚೇರಿಯ ರಹಸ್ಯ ಕಡತಗಳನ್ನು ಮನೆಗೆ ಒಯ್ದು ಇಟ್ಟುಕೊಂಡಿದ್ದ. 2018ರಲ್ಲಿ ಅವನಿಗೆ ಐದೂವರೆ ವರ್ಷ ಜೈಲು. ಅದೇ ಸಂಸ್ಥೆಯ ಗುತ್ತಿಗೆ ನೌಕರನೊಬ್ಬನೂ ಹೀಗೆಯೇ ಮಾಡಿದ್ದ. ಬೇರೆಯವರಿಗೆ ಕೊಟ್ಟನೆಂಬ ಆರೋಪ ಅವನ ಮೇಲಿರಲಿಲ್ಲ. ಆದರೂ 2019ರಲ್ಲಿ ಒಂಬತ್ತು ವರ್ಷ ಜೈಲಾಯಿತು. ಇತ್ತ ಗೂಢಚರ ಸಂಸ್ಥೆ ಸಿಐಎಯ ನಿರ್ದೇಶಕರೂ ಆಗಿದ್ದ ಸೇನಾ ಜನರಲ್ ಡೇವಿಡ್ ಪೆಟ್ರೇಯಸ್, ರಹಸ್ಯ ಮಾಹಿತಿ ತುಂಬಿದ್ದ ತಮ್ಮ ಟಿಪ್ಪಣಿ ಪುಸ್ತಕಗಳನ್ನು ತಮ್ಮ ಜೀವನಚರಿತ್ರೆ ಬರೆಯುತ್ತಿದ್ದ ಮಹಿಳೆಗೆ ಓದಲು ಕೊಟ್ಟಿದ್ದರು. 2015ರಲ್ಲಿ ತಪ್ಪೊಪ್ಪಿಕೊಂಡ ಅವರಿಗೆ ಸಿಕ್ಕಿದ್ದು ಎರಡು ವರ್ಷದ ಪ್ರೊಬೇಷನ್ ಮತ್ತು ಒಂದು ಲಕ್ಷ ಡಾಲರ್ ದಂಡ. ಜೈಲಿಲ್ಲ.

ಅಡಿಕೆ ಕದ್ದರೂ ಕಳ್ಳ, ಆನೆ ಕದ್ದರೂ ಕಳ್ಳ ಎಂಬುದು ನಮ್ಮ ಗಾದೆ. ಇಲ್ಲಿ ಆನೆಯವರಿಗೆ ವಿನಾಯಿತಿ ಸಿಕ್ಕಿತು! ಪ್ರಕರಣಗಳ ವಿವರ ಬೇರೆ ಬೇರೆ, ಒಪ್ಪೋಣ. ಆದರೆ ದೊಡ್ಡವರ ಪಾಲಿಗೆ ಪ್ರತಿ ಬಾರಿಯೂ ಒಂದು ಕಾರಣ ಸಿಗುತ್ತದೆ, ಸಣ್ಣವರ ಪಾಲಿಗೆ ಸಿಗುವುದಿಲ್ಲ ಎಂಬುದನ್ನು ಗಮನಿಸದಿರಲು ಸಾಧ್ಯವಿಲ್ಲ.

ಕಾಗದವೇ ಇಲ್ಲದ ಕಾಲ

ಪೆಟ್ಟಿಗೆಯಲ್ಲಿಟ್ಟ ಕಾಗದವನ್ನಾದರೂ ಹುಡುಕಿ ತರಬಹುದು. 2025ರ ಮಾರ್ಚ್‌ನಲ್ಲಿ ಯೆಮೆನ್ ಮೇಲಿನ ದಾಳಿಯ ಕುರಿತು ಅಮೆರಿಕದ ಹಿರಿಯ ಸಚಿವರು, ಅಧಿಕಾರಿಗಳು ‘ಸಿಗ್ನಲ್’ ಎಂಬ ಮೊಬೈಲ್ ಆ್ಯಪ್‌ನಲ್ಲಿ ಚರ್ಚಿಸಿದರು. ಆ ಗುಂಪಿಗೆ ‘ದಿ ಅಟ್ಲಾಂಟಿಕ್’ ಪತ್ರಿಕೆಯ ಸಂಪಾದಕ ಜೆಫ್ರಿ ಗೋಲ್ಡ್‌ಬರ್ಗ್ ಅವರನ್ನೇ ಅಚಾತುರ್ಯದಿಂದ ಸೇರಿಸಲಾಗಿತ್ತು. ಯುದ್ಧವಿಮಾನಗಳು ಹೊರಡುವ ಸಮಯವೂ ಅವರ ಫೋನಿಗೆ ಬಂತು. ಅದರಲ್ಲಿ ರಹಸ್ಯವೇನೂ ಇರಲಿಲ್ಲವೆಂದು ಸರಕಾರ ವಾದಿಸಿತು. ಸಂಪಾದಕರು ಸೇರಿಕೊಂಡದ್ದೇ ದೊಡ್ಡ ಸುದ್ದಿಯಾಯಿತು. ನಮಗೆ ಅದಕ್ಕಿಂತ ಗಂಭೀರವಾಗಿ ಕಾಣುವುದು, ಕೆಲವು ಸಂದೇಶಗಳು ನಿಗದಿತ ದಿನಗಳ ನಂತರ ತಾವಾಗಿಯೇ ಅಳಿಸಿಹೋಗುವಂತೆ ಏರ್ಪಾಡಾಗಿದ್ದುದು. ಯುದ್ಧದ ನಿರ್ಧಾರದ ದಾಖಲೆಯೇ ಉಳಿಯದಿದ್ದರೆ ನಾಳೆ ಲೆಕ್ಕ ಕೇಳುವುದು ಹೇಗೆ?

ನಮ್ಮಲ್ಲಿ ಹೇಗೆ?

ನಮ್ಮ ದೇಶದಲ್ಲಿ ರಹಸ್ಯ ಕಾಯುವ ಕಾನೂನು ಬ್ರಿಟಿಷರ ಕಾಲದ್ದು, 1923ರ ಅಧಿಕೃತ ರಹಸ್ಯಗಳ ಕಾಯಿದೆ. ದಾಖಲೆ ಉಳಿಸುವ ಕಾನೂನು ಬಂದದ್ದು ಎಪ್ಪತ್ತು ವರ್ಷ ತಡವಾಗಿ, 1993ರ ಸಾರ್ವಜನಿಕ ದಾಖಲೆಗಳ ಕಾಯಿದೆ. ಅಂದರೆ ಮುಚ್ಚುವುದರಲ್ಲಿ ನಮಗಿದ್ದ ಆಸಕ್ತಿ ಕಾಪಾಡುವುದರಲ್ಲಿ ಇರಲಿಲ್ಲ. 2013ರಲ್ಲಿ ಕಲ್ಲಿದ್ದಲು ಹಂಚಿಕೆಯ ಕಡತಗಳು ಕಾಣೆಯಾದಾಗ, ಆ ಇಲಾಖೆಯ ಕಡತಗಳ ಪಾಲಕ ತಾನಲ್ಲವೆಂದು ಪ್ರಧಾನಿ ಮನಮೋಹನ್ ಸಿಂಗ್ ರಾಜ್ಯಸಭೆಯಲ್ಲಿ ಹೇಳಿದರು. 2019ರ ಮಾರ್ಚ್‌ನಲ್ಲಿ ರಫೇಲ್ ವಿಮಾನ ಖರೀದಿಯ ಕಾಗದಗಳು ಪತ್ರಿಕೆಯಲ್ಲಿ ಪ್ರಕಟವಾದಾಗ, ಅವು ರಕ್ಷಣಾ ಇಲಾಖೆಯಿಂದ ಕಳವಾಗಿವೆಯೆಂದು ಸರಕಾರದ ಪರ ಅಟಾರ್ನಿ ಜನರಲ್ ಸುಪ್ರೀಂ ಕೋರ್ಟಿಗೆ ಹೇಳಿ, ಬಳಿಕ ಅವು ಮೂಲಪ್ರತಿಗಳಲ್ಲ, ನಕಲುಗಳೆಂದು ತಿದ್ದಿಕೊಂಡರು. ಆ ಕಾಗದಗಳನ್ನು ಪರಿಗಣಿಸಬಾರದೆಂಬ ಸರಕಾರದ ಆಕ್ಷೇಪವನ್ನು ಏಪ್ರಿಲ್‌ನಲ್ಲಿ ಕೋರ್ಟ್ ತಳ್ಳಿಹಾಕಿತು. ಖರೀದಿಯ ಕುರಿತ ಮರುಪರಿಶೀಲನಾ ಅರ್ಜಿಗಳು ನವೆಂಬರ್‌ನಲ್ಲಿ ವಜಾ ಆದವು ಎಂಬುದು ಬೇರೆ ಮಾತು.

ನಮ್ಮ ಜನಸಾಮಾನ್ಯರಿಗೆ ಎದುರಾಗುವುದು ರಫೇಲ್ ಕಡತವಲ್ಲ. ಜಾಗದ ಹಳೆಯ ಕಾಗದ, ಪಿಂಚಣಿಯ ಅರ್ಜಿ, ರಸ್ತೆ ಕಾಮಗಾರಿಯ ಬಿಲ್ಲು. ಕೇಳಿದರೆ ‘ಕಡತ ಸಿಗುತ್ತಿಲ್ಲ’ ಎಂಬ ಉತ್ತರ. ಇಂಥ ಉತ್ತರ ಸಾಲದೆಂದು ದೆಹಲಿ ಹೈಕೋರ್ಟ್ 2013ರಲ್ಲೇ ಸ್ಪಷ್ಟಪಡಿಸಿದೆ. ಒಮ್ಮೆ ಇಲಾಖೆಯಲ್ಲಿದ್ದ ದಾಖಲೆ ಈಗ ಸಿಗದಿದ್ದರೆ ಸರಿಯಾಗಿ ಹುಡುಕಿಸಬೇಕು, ಆಗಲೂ ಸಿಗದಿದ್ದರೆ ವಿಚಾರಣೆ ನಡೆಸಿ ಹೊಣೆಗಾರರನ್ನು ಗುರುತಿಸಬೇಕು ಎಂದು ಅದು ಹೇಳಿತು. ಮಾಹಿತಿ ಹಕ್ಕಿನಡಿ ಅರ್ಜಿ ಹಾಕುವವರಿಗೆ ನೆರವಾಗುವ ನಮ್ಮ ಕಾರ್ಯಕರ್ತರು ಇದನ್ನು ತಿಳಿದಿರಬೇಕು. ‘ಲಭ್ಯವಿಲ್ಲ’ ಎಂಬ ಹಿಂಬರಹ ಬಂದರೆ ಅಲ್ಲಿಗೇ ಬಿಡದೆ, ಮೂವತ್ತು ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬೇಕು. ಕಡತ ಕೊನೆಯದಾಗಿ ಯಾರ ವಶದಲ್ಲಿತ್ತೆಂದು ಅದರಲ್ಲಿ ಕೇಳಬೇಕು.

ಬೇಲಿಯೇ ಎದ್ದು ಹೊಲ ಮೇಯ್ದಾಗ ಹೊಲದ ಒಡೆಯ ಸುಮ್ಮನಿರಬಾರದು. ಈ ಹೊಲದ ಒಡೆಯರು ನಾವೇ. ಶ್ವೇತಭವನದ ಕಡತವಿರಲಿ, ತಾಲೂಕು ಕಚೇರಿಯ ಕಡತವಿರಲಿ, ಅದು ಕುರ್ಚಿಗೆ ಸೇರಿದ್ದು, ಕುರ್ಚಿ ಜನರದ್ದು. ಕೇಳುವವರು ಇದ್ದಾರೆಂದು ಗೊತ್ತಾದಾಗಲೇ ಕಾಯುವವರು ಎಚ್ಚರವಾಗಿರುತ್ತಾರೆ.