ಸೊಪ್ಪು ಬಲ್ಲವರು ಬಾಡು ಬಿಟ್ಟವರಲ್ಲ

“ಹಾಸನದ ಜನಕ್ಕೆ ಪ್ಲಾಂಟ್ ಬೇಸ್ಡ್ ಊಟದ ಟೇಸ್ಟೇ ಇನ್ನೂ ಬಂದಿಲ್ಲ ದೊಡ್ಡಪ್ಪ. ಬೆಂಗಳೂರಲ್ಲಿ ಅಂಥ ಹೋಟೆಲಿಗೆ ಹೋಗ್ಬೇಕಂದ್ರೆ ಮುಂಚೇನೇ ಟೇಬಲ್ ಬುಕ್ ಮಾಡ್ಬೇಕು.” ಚನ್ನರಾಯಪಟ್ಟಣದ ಮದುವೆ ಊಟದಲ್ಲಿ ಪಕ್ಕದ ಎಲೆಗೆ ಕೂತಿದ್ದ ನೆಂಟರ ಹುಡುಗ ಹೀಗೆಂದ. ಅವನು ಒಳ್ಳೆಯ ಹುಡುಗ, ಹಾಲು ಬಿಟ್ಟು ವರ್ಷವಾಗಿದೆಯಂತೆ. ಬಡಿಸುವವರು ತಂದ ಪನೀರ್ ಬಟರ್ ಮಸಾಲವನ್ನು ಕೈ ಅಡ್ಡ ಹಿಡಿದು ಬೇಡವೆಂದ. ಆಮೇಲೆ ತಿನ್ನಲು ಅವನಿಗೆ ಉಳಿದದ್ದು ಅನ್ನ, ಸಾರು, ಉಪ್ಪಿನಕಾಯಿ ಅಷ್ಟೇ. ಅವನ ಮಾತನ್ನು ನಾನು ಅಲ್ಲೇ ಬಿಟ್ಟುಬಿಡಬಹುದಿತ್ತು. ಆದರೆ ಅದು ಅವನೊಬ್ಬನ ಮಾತಲ್ಲ. ಸಸ್ಯದ ಊಟವೆಂದರೆ ಓದಿದವರು, ಉಳ್ಳವರು ಹೊಸದಾಗಿ ಕಂಡುಕೊಂಡ ನಾಜೂಕು, ಹಳ್ಳಿಯವರು ಮೆಲ್ಲಗೆ ಕಲಿಯಬೇಕಾದದ್ದು ಎನ್ನುವ ಅಭಿಪ್ರಾಯ ಈಗ ಚಲಾವಣೆಯಲ್ಲಿದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ದುಬಾರಿ ಸಸ್ಯಾಹಾರಿ ಹೋಟೆಲ್ ಬೇಡವೆನ್ನುವವನು ನಾನಲ್ಲ. ಹಾಸನದ ಬಿ.ಎಂ. ರಸ್ತೆಯಲ್ಲಿ ಒಂದು ಬಂದರೆ ನಾನೂ ಹೋಗುತ್ತೇನೆ. ನನ್ನ ತಕರಾರು ಬೇರೆ. ಮಾಂಸ ಬಿಟ್ಟವರಿಗೇ ಸಸ್ಯದ ರುಚಿ ಗೊತ್ತು ಎಂದು ಈ ಹೋಟೆಲುಗಳೂ ಅವುಗಳ ಗಿರಾಕಿಗಳೂ ನಂಬಿಕೊಂಡಿದ್ದಾರೆ. ನಾನು ಬಲ್ಲ ನಾಲ್ಕು ತಾಲ್ಲೂಕುಗಳಲ್ಲಿ, ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ, ಸಂಗತಿ ತಿರುವುಮುರುವು. ಇಲ್ಲಿ ಸೊಪ್ಪು ಕಾಳುಗಳ ಅಡುಗೆಯನ್ನು ಈ ಮಟ್ಟಕ್ಕೆ ತಂದವರಲ್ಲಿ ಬಹುಪಾಲು ಜನ ಹಬ್ಬಕ್ಕೆ ಕುರಿ ಕಡಿಯುವ ಮನೆಯವರು.

ಮುಂಗಾರು ಹಿಡಿದ ಮೇಲೆ ರಾಗಿ ಹೊಲದಲ್ಲಿ ಕಳೆ ಕೀಳುವ ಹೆಂಗಸರನ್ನು ನೋಡಬೇಕು. ಕಿತ್ತ ಕಳೆಯೆಲ್ಲ ಬದುವಿಗೆ ಬೀಳುವುದಿಲ್ಲ. ಒಂದಷ್ಟು ಮಡಿಲು ಸೇರುತ್ತದೆ. ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಕನ್ನೆ ಸೊಪ್ಪು, ಗಣಿಕೆ, ಹೊನಗೊನ್ನೆ, ಕೀರೆ, ನೀರಿನ ಪಸೆ ಇರುವ ಕಡೆ ಒಂದೆಲಗ. ದಾರಿಯಲ್ಲಿ ನುಗ್ಗೆ ಸಿಕ್ಕರೆ ಅದರ ಚಿಗುರೂ ಉಂಟು. ಎಲ್ಲ ಸೇರಿದರೆ ಬೆರಕೆ ಸೊಪ್ಪು. ಸಿಕ್ಕಿದ್ದನ್ನೆಲ್ಲ ತುಂಬಿಕೊಂಡರೆ ಆಗುವಂಥದ್ದಲ್ಲ ಇದು. ಗಣಿಕೆ ಹೆಚ್ಚಾದರೆ ಕಹಿ, ಗೋಣಿ ಹೆಚ್ಚಾದರೆ ಹುಳಿ ಮತ್ತು ಲೋಳೆ, ಅಣ್ಣೆ ಸೊಪ್ಪು ಕಡಿಮೆಯಾದರೆ ಸಾರಿಗೆ ಮೈಯಿಲ್ಲ. ಹೂ ಬಿಟ್ಟದ್ದು ಬೇಡ, ಬಲಿತದ್ದು ಬೇಡ, ಸಿಂಪರಣೆಯಾದ ಹೊಲದ್ದಂತೂ ಬೇಡವೇ ಬೇಡ. ಈ ಅಳತೆ ಯಾವ ಪುಸ್ತಕದಲ್ಲೂ ಇಲ್ಲ, ಕೈಯಲ್ಲಿದೆ. ಅತ್ತೆಯ ಹಿಂದೆ ಹೊಲಕ್ಕೆ ಹೋದ ಸೊಸೆಗೆ ಬರುತ್ತದೆ, ಹೋಗದವಳಿಗೆ ಬರುವುದಿಲ್ಲ.

ಮನೆಗೆ ಬಂದ ಸೊಪ್ಪು ಹೆಸರುಕಾಳಿನ ಜೊತೆಗೋ ಅಲಸಂದೆ, ತೊಗರಿಬೇಳೆಯ ಜೊತೆಗೋ ಬೇಯುತ್ತದೆ. ಬೆಂದ ಮೇಲೆ ಬಸಿಯುತ್ತಾರೆ. ಬಸಿದ ನೀರಿಗೆ ಉಪ್ಪು ಬಿದ್ದರೆ ಉಪ್ಸಾರು. ಜೊತೆಗೆ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆಹಣ್ಣು ಅರೆದ ಖಾರ. ಆ ಖಾರವನ್ನು ಸಾರಿನ ಪಾತ್ರೆಗೆ ಸುರಿಯುವುದಿಲ್ಲ, ತಟ್ಟೆಯ ಅಂಚಿಗೆ ಇಡುತ್ತಾರೆ. ಎಷ್ಟು ಕಲಸಿಕೊಳ್ಳಬೇಕು ಎನ್ನುವುದು ಉಣ್ಣುವವರ ಇಷ್ಟ. ಒಂದೇ ಸಾರು ಮಗುವಿಗೆ ಸಪ್ಪೆ, ಅಜ್ಜನಿಗೆ ಕಣ್ಣಲ್ಲಿ ನೀರು. ಬಸಿದು ಉಳಿದ ಸೊಪ್ಪು ಕಾಳು ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ಅದೇ ಬಸಿದ ನೀರಿಗೆ ಮಸಾಲೆ ರುಬ್ಬಿ ಹಾಕಿದರೆ ಬಸ್ಸಾರು. ಬಸಿಯದೆ ಮಸೆದರೆ ಮಸ್ಸೊಪ್ಪು. ಮುದ್ದೆ ಮುರಿದು, ಅದ್ದಿ, ನುಂಗುವುದು. ಈ ಊಟದಲ್ಲಿ ಹಾಲಿನ ಒಂದು ತೊಟ್ಟೂ ಇಲ್ಲ, ಬೆಣ್ಣೆಯಿಲ್ಲ, ಜೇನಿಲ್ಲ. 1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಗೆಳೆಯರು ವೀಗನ್ ಸಂಘ ಕಟ್ಟುವ ಹೊತ್ತಿಗೆ ನಮ್ಮ ಅಜ್ಜಿಯರು ಆ ಸಂಘದ ಕಟ್ಟುನಿಟ್ಟಿಗೆ ಸಲ್ಲುವಂಥ ಊಟವನ್ನು ದಿನಾ ಮಾಡಿ ಬಡಿಸುತ್ತಿದ್ದರು, ಯಾವ ವ್ರತವೂ ಇಲ್ಲದೆ.

ಚಳಿಗಾಲ ಬಂದರೆ ಅವರೆ. ಸೊಗಡಿನ ಕಾಯಿ ಸುಲಿದು, ಕಾಳು ನೆನೆಸಿ, ಒಂದೊಂದನ್ನೇ ಬೆರಳಲ್ಲಿ ಹಿತುಕಿ ಸಿಪ್ಪೆ ಬಿಡಿಸಿದ ಬೇಳೆಯ ಸಾರನ್ನು ಯಾವ ಶೆಫ್ ಕಂಡುಹಿಡಿದಿದ್ದರೂ ಅವನ ಹೆಸರು ಇಷ್ಟರಲ್ಲಿ ದೇಶಾಂತರ ಹೋಗುತ್ತಿತ್ತು. ಅದೇ ಹಿತಕಿದ ಬೇಳೆ, ಅದೇ ಮನೆಯಲ್ಲಿ, ನೆಂಟರು ಬಂದ ದಿನ ಬಾಡಿನ ಸಾರಿಗೂ ಬೀಳುತ್ತದೆ. ಇವು ಎರಡು ಬೇರೆ ಅಡುಗೆಗಳಲ್ಲ, ಎರಡು ಬೇರೆ ಜನವೂ ಅಲ್ಲ. ಬಾಡು ಅಪರೂಪವಾದ್ದರಿಂದ ಉಳಿದ ದಿನಗಳ ಸೊಪ್ಪಿಗೆ ಅಷ್ಟು ಬುದ್ಧಿ ಖರ್ಚಾಯಿತು. ನಮ್ಮ ಪೂರ್ವಜರೆಲ್ಲ ಶುದ್ಧ ಸಸ್ಯಾಹಾರಿಗಳೆಂದು ಸಾಧಿಸುವವರು ಯಾವುದಾದರೂ ಊರಹಬ್ಬಕ್ಕೆ ಬಂದು ಹೋಗಲಿ.

ಹಾಗಿದ್ದರೆ ಈ ಊಟ ಹೋಟೆಲಿಗೆ ಯಾಕೆ ಬರಲಿಲ್ಲ? ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಚನ್ನರಾಯಪಟ್ಟಣದಿಂದ ಹಾಸನದವರೆಗೆ ವೆಜ್ ಹೋಟೆಲುಗಳ ಬೋರ್ಡು ಓದುತ್ತಾ ಬನ್ನಿ. ಇಡ್ಲಿ, ದೋಸೆ, ಗೋಬಿ ಮಂಚೂರಿ, ಪನೀರ್, ಕುಲ್ಚಾ. ಮುದ್ದೆ ಬಸ್ಸಾರು ಬೇಕಿದ್ದರೆ ಹೆಚ್ಚಾಗಿ ಮಿಲ್ಟ್ರಿ ಹೋಟೆಲನ್ನೋ ಸಣ್ಣ ಮೆಸ್ಸನ್ನೋ ಹುಡುಕಬೇಕು. ಈ ವಿಚಿತ್ರದ ಕಡೆ ಯಾಕೋ ಯಾರ ಗಮನವೂ ಹೋಗುವುದಿಲ್ಲ: ಈ ಸೀಮೆಯ ಸೊಪ್ಪಿನ ಊಟ ಹೊರಗೆ ಸಿಗುವುದಿದ್ದರೆ ಅದು ಹೆಚ್ಚಾಗಿ ತಲೆಮಾಂಸ ಬಡಿಸುವ ಹೋಟೆಲಿನಲ್ಲಿ.

ಕಾರಣ ಇತಿಹಾಸದಲ್ಲಿದೆ. ನಮ್ಮ ಸಸ್ಯಾಹಾರಿ ಹೋಟೆಲ್ ಹುಟ್ಟಿದ್ದು ಸಸ್ಯದ ಮೇಲಿನ ಪ್ರೀತಿಯಿಂದಲ್ಲ, ಯಾರು ಬೇಯಿಸಿದ್ದನ್ನು ಯಾರು ಉಣ್ಣಬಹುದು ಎಂಬ ಲೆಕ್ಕದಿಂದ. ಇಂದು ಎಂಟಿಆರ್ ಎಂದು ಜಗತ್ತಿಗೇ ಗೊತ್ತಿರುವ ಸಂಸ್ಥೆ 1924ರಲ್ಲಿ ಬೆಂಗಳೂರಿನಲ್ಲಿ ಶುರುವಾದಾಗ ಅದರ ಹೆಸರು ಬ್ರಾಹ್ಮಣ್ ಕಾಫಿ ಕ್ಲಬ್. ಆ ಕಾಲದ ರೀತಿಯೇ ಅದಾಗಿತ್ತು. ಹಾಗೆಂದು ಆ ಹೋಟೆಲುಗಳ ಋಣವನ್ನು ಅಲ್ಲಗಳೆಯಲಾರೆ. ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ತತ್ವಾರ ಬಂದಾಗ ರವೆ ಇಡ್ಲಿ ಹುಟ್ಟಿದ್ದು ಎಂಟಿಆರ್‌ನಲ್ಲೇ ಎನ್ನುತ್ತಾರೆ. ಹೋಟೆಲಿನ ಬೆಂಚು ಕಾಲಕ್ರಮದಲ್ಲಿ ಎಲ್ಲರನ್ನೂ ಒಟ್ಟಿಗೆ ಕೂರಿಸಿತು ಎನ್ನುವುದೂ ನಿಜ. ಆದರೆ ಬೆಂಚಿಗೆ ಎಲ್ಲರೂ ಬಂದರೂ ಅಡುಗೆಮನೆಗೆ ಎಲ್ಲರ ಅಡುಗೆ ಬರಲಿಲ್ಲ. ಉಪ್ಸಾರು, ಮಸ್ಸೊಪ್ಪು ಮಾಂಸವಿಲ್ಲದ ಅಡುಗೆಗಳೇ ಆದರೂ ‘ಅವರ’ ಮನೆಯವು. ಆ ಲೆಕ್ಕ ಇನ್ನೂ ಮುಗಿದಿಲ್ಲ. 2024ರ ಡಿಸೆಂಬರಿನಲ್ಲಿ ಪಕ್ಕದ ಮಂಡ್ಯದ ಸಾಹಿತ್ಯ ಸಮ್ಮೇಳನದಲ್ಲಿ ಬಾಡೂಟ ಬೇಕೆಂದು ಚಳವಳಿಯೇ ನಡೆಯಿತು. ಮಳಿಗೆಗಳಲ್ಲಿ ತಂಬಾಕು, ಮದ್ಯಗಳ ಸಾಲಿನಲ್ಲೇ ಮಾಂಸಾಹಾರವನ್ನೂ ನಿಷೇಧಿಸಿದ್ದು ಅದಕ್ಕೆ ಕಿಡಿ. ಅದನ್ನು ನಾಲಗೆ ಚಪಲವೆಂದು ನಕ್ಕವರಿಗೆ ವಿಷಯ ಅರ್ಥವಾಗಿರಲಿಲ್ಲ. ತಮ್ಮ ಮನೆಯ ಊಟವನ್ನು ಕೆಟ್ಟ ಚಟಗಳ ಪಟ್ಟಿಯಲ್ಲಿ ಓದಿದ ಸಿಟ್ಟು ಅದು. ‘ಪ್ಲಾಂಟ್ ಬೇಸ್ಡ್’ ಎಂಬ ಹೊಸ ಬೋರ್ಡಿನಡಿ ಹಳೆಯ ಮಡಿಯೇ ಏರ್ ಕಂಡೀಷನ್ ಹಾಕಿಸಿಕೊಂಡು ಕೂತರೆ ನಾನು ಆ ಬಾಗಿಲು ತುಳಿಯುವುದಿಲ್ಲ.

ಇಷ್ಟು ಹೇಳಿದ ಮೇಲೆ ನನ್ನ ವಾದಕ್ಕೆ ಎದುರು ನಿಲ್ಲುವ ಒಂದು ಜಾಗ ಇದೇ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿದೆ: ಶ್ರವಣಬೆಳಗೊಳ. ಬಿಡುವುದರಿಂದಲೇ ಒಂದು ಅಡುಗೆ ಹುಟ್ಟಬಹುದು ಎನ್ನುವುದಕ್ಕೆ ಜೈನರ ಅಡುಗೆಗಿಂತ ಸಾಕ್ಷಿ ಬೇಕಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ಕಟ್ಟುನಿಟ್ಟಿನವರಿಗೆ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ನೆಲದೊಳಗಿನ ಗೆಡ್ಡೆಯಲ್ಲಿ ಲೆಕ್ಕವಿಲ್ಲದಷ್ಟು ಜೀವಗಳಿವೆಯೆಂದು ಆಲೂಗಡ್ಡೆಯೂ ಇಲ್ಲ. ಪಂಜಾಬಿನ ಜಲಂಧರದಿಂದ ಬಿತ್ತನೆ ಗೆಡ್ಡೆ ತರಿಸಿ ಮುಂಗಾರಿನಲ್ಲಿ ಆಲೂಗಡ್ಡೆ ಬೆಳೆದು, ಅಂಗಮಾರಿಗೆ ಅಂಜಿ ಬದುಕುವ ಜಿಲ್ಲೆಯ ನಡುವೆ ಈ ನಿಯಮ ನಡೆದುಬಂದಿದೆ. ಗಿಡಕ್ಕೂ ಜೀವವಿದೆ ಎನ್ನುವುದನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡವರ ಮುಂದೆ ಇವತ್ತಿನ ವೀಗನ್ ವಾದ ಎಳೆಯದು. ಆದರೆ ಆ ದಾರಿಯ ಕೊನೆ ಎಲ್ಲಿದೆ ನೋಡಿ. ದಿಗಂಬರ ಮುನಿ ದಿನಕ್ಕೆ ಒಮ್ಮೆ, ನಿಂತು, ಬೊಗಸೆಯಲ್ಲಿ ಕೊಟ್ಟಷ್ಟನ್ನು ಉಣ್ಣುತ್ತಾರೆ. ತಟ್ಟೆಯೇ ಇಲ್ಲ. ಅಲ್ಲಿನ ಚಂದ್ರಗಿರಿ ಬೆಟ್ಟದ ಬಂಡೆಗಳ ಮೇಲೆ ಸಲ್ಲೇಖನ ಹಿಡಿದು ಅನ್ನವನ್ನೇ ಬಿಟ್ಟವರ ಶಾಸನಗಳಿವೆ. ಅಹಿಂಸೆಗಾಗಿ ತಿನ್ನುವುದನ್ನು ಕಡಿಮೆ ಮಾಡಿದವರಿಗೆ ನಾನು ಕೈಮುಗಿಯುತ್ತೇನೆ. ಅಹಿಂಸೆಯ ಹೆಸರಲ್ಲಿ ಹನ್ನೆರಡು ಕೋರ್ಸಿನ ಊಟ ಮಾಡುವವರಿಗೆ ಆ ಪರಂಪರೆಯ ಸಾಕ್ಷಿ ಸಲ್ಲದು.

ಇನ್ನೊಂದು ಮಾತನ್ನೂ ಒಪ್ಪಬೇಕು. ಹಾಲು ಬಿಟ್ಟ ಹುಡುಗ ಕೇಳುವ ಪ್ರಶ್ನೆ ನಮ್ಮ ಪ್ಯೂರ್ ವೆಜ್ ಪರಂಪರೆ ಎಂದೂ ಕೇಳಿಕೊಳ್ಳದ ಪ್ರಶ್ನೆ. ಹಸು ಕರು ಹಾಕಿತು, ಗಂಡು ಕರು ಆಯಿತು. ಹೊಲಕ್ಕೆ ಟ್ರ್ಯಾಕ್ಟರ್ ಬಂದಿದೆ. ಆ ಕರು ಎಲ್ಲಿ ಹೋಗುತ್ತದೆ? ತುಪ್ಪದ ದೋಸೆ ತಿನ್ನುತ್ತಾ ಮಾಂಸದಂಗಡಿಯನ್ನು ಕಂಡು ಮೂಗು ಮುಚ್ಚಿಕೊಳ್ಳುವವರ ಬಳಿ ಉತ್ತರವಿಲ್ಲ. ಡೇರಿಗೆ ಬೆಳಗ್ಗೆ ಸಂಜೆ ಹಾಲು ಹಾಕಿ ಮನೆ ನಡೆಸುವ ಹೆಂಗಸಿಗೆ ಹಾಲು ಬಿಡು ಎನ್ನುವ ಧೈರ್ಯ ನನಗಿಲ್ಲ. ಆದರೆ ಹುಡುಗನ ಪ್ರಶ್ನೆ ಪ್ರಾಮಾಣಿಕವಾದದ್ದು, ಅದಕ್ಕೆ ನನ್ನಲ್ಲೂ ಪೂರ್ತಿ ಉತ್ತರವಿಲ್ಲ. ಹಾಲು ಬಿಟ್ಟರೆ ಕ್ಯಾಲ್ಸಿಯಂ ಎಲ್ಲಿಂದ ಎಂಬುದಕ್ಕಾದರೆ ಉತ್ತರವಿದೆ: ನೂರು ಗ್ರಾಂ ರಾಗಿಯಲ್ಲಿ ಹತ್ತಿರಹತ್ತಿರ 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ಹಾಲಿನಲ್ಲಿ ಇರುವುದು ಅದರ ಮೂರನೇ ಒಂದು ಪಾಲು. ಬಿ12 ಮಾತ್ರ ಗಿಡಗಳಿಂದ ದಕ್ಕುವುದಿಲ್ಲ, ಅದಕ್ಕೆ ಮಾತ್ರೆಯೋ ಬಿ12 ಬೆರೆಸಿದ ಆಹಾರವೋ ಗತಿ. ಅವನು ಬೆಂಗಳೂರಿನಲ್ಲಿ ಬಾದಾಮಿ ಹಾಲಿನ ಚೀಸ್ ಹುಡುಕುವ ಬದಲು ಅವನ ಅಜ್ಜಿಯ ತಟ್ಟೆಯನ್ನು ಒಮ್ಮೆ ನೋಡಿದ್ದರೆ ಅರ್ಧ ದಾರಿ ಸವೆದಿರುತ್ತಿತ್ತು.

ಬೆಲೆಯ ಬಗ್ಗೆ ಆಡಿಕೊಳ್ಳುವವರ ಜೊತೆ ನಾನಿಲ್ಲ. 2025–26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಮುದ್ದೆಗೆ ನೂರು ಗ್ರಾಂ ಹಿಟ್ಟು ಎಂದಿಟ್ಟುಕೊಂಡರೆ ಐದು ರೂಪಾಯಿಯೂ ಆಗುವುದಿಲ್ಲ, ಅದಕ್ಕೆ ಐನೂರು ಕೀಳುತ್ತಾರೆ ಎನ್ನುವುದು ನೂಲಿನ ತೂಕ ಹಾಕಿ ಸೀರೆಗೆ ಬೆಲೆ ಕಟ್ಟಿದಂತೆ. ಬಾಡಿಗೆ, ಸಂಬಳ, ವಿದ್ಯುತ್ತು ಎಲ್ಲ ಇದೆ. ಹಿತಕಿದ ಬೇಳೆ ನಮಗೆ ಅಗ್ಗವಾಗಿ ಕಂಡದ್ದು ಹಿತುಕಿದ ಬೆರಳುಗಳಿಗೆ ಯಾರೂ ಕೂಲಿ ಕೊಡದಿದ್ದುದರಿಂದ. ದುಬಾರಿ ಹೋಟೆಲ್ ಆ ಕೂಲಿಯನ್ನು ಬಿಲ್ಲಿನಲ್ಲಿ ಸೇರಿಸಿದರೆ ಅದು ನ್ಯಾಯವೇ.

ನ್ಯೂಯಾರ್ಕಿನ ಇಲೆವೆನ್ ಮ್ಯಾಡಿಸನ್ ಪಾರ್ಕ್ ಎಂಬ ಹೆಸರಾಂತ ಹೋಟೆಲ್ 2021ರ ಜೂನ್‌ನಲ್ಲಿ ಮಾಂಸವನ್ನು ಕೈಬಿಟ್ಟು, ತಲೆಗೆ 335 ಡಾಲರಿನ ಸಸ್ಯದೂಟ ಶುರು ಮಾಡಿತು. ಮೂರು ಮಿಶೆಲಿನ್ ನಕ್ಷತ್ರಗಳನ್ನೂ ಉಳಿಸಿಕೊಂಡಿತು. 2025ರ ಅಕ್ಟೋಬರಿನಲ್ಲಿ ಮತ್ತೆ ಮೀನು ಮಾಂಸವನ್ನೂ ಬಡಿಸತೊಡಗಿತು. ನೋಡಿದಿರಾ, ಸೊಪ್ಪಿನಿಂದ ದೊಡ್ಡ ಹೋಟೆಲ್ ನಡೆಯದು ಎಂದು ಕೆಲವರು ಷರಾ ಬರೆದರು. ನನಗೆ ಹಾಗನ್ನಿಸುವುದಿಲ್ಲ. ಆ ಊರಿನ ಹೋಟೆಲ್ ವಿಮರ್ಶಕ ಪೀಟ್ ವೆಲ್ಸ್ ಮೊದಲ ವರ್ಷವೇ ಆಕ್ಷೇಪಿಸಿದ್ದರು: ತರಕಾರಿಗಳು ತಮ್ಮ ರುಚಿಯಲ್ಲಿ ಬರುತ್ತಿಲ್ಲ, ಮೀನು ಮಾಂಸದ ಪಾತ್ರ ವಹಿಸುತ್ತಿವೆ ಎಂದು. ಮಾಂಸವನ್ನು ಬಿಟ್ಟ ಮೇಲೂ ಆ ಅಡುಗೆಮನೆ ಅದನ್ನು ಮರೆತಿರಲಿಲ್ಲ. ಉಪ್ಸಾರು ಯಾವುದರ ಬದಲಿಯೂ ಅಲ್ಲ. ಬಾಡು ತಿನ್ನುವವರು ಮಾಡಿದ ಸೊಪ್ಪು ಬಾಡಿನ ವೇಷ ಹಾಕಬೇಕಾಗಿರಲಿಲ್ಲ, ಯಾಕೆಂದರೆ ಬಾಡು ಬೇಕಾದ ದಿನ ಬಾಡೇ ಇತ್ತು.

ಮೇಲ್ಮಟ್ಟದ ಹೋಟೆಲ್ ಒಂದು ಉಪಕಾರ ಮಾಡಬಲ್ಲದು: ಮರ್ಯಾದೆ ತಂದುಕೊಡಬಲ್ಲದು. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ದೇವೇಗೌಡರು 1996ರಲ್ಲಿ ಪ್ರಧಾನಿಯಾದಾಗ ರಾಗಿ ಮುದ್ದೆ ದೆಹಲಿಗೆ ಒಂದು ಕುತೂಹಲದ ಸುದ್ದಿಯಾಗಿತ್ತು. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗುವ ಹೊತ್ತಿಗೆ ರಾಗಿ ಬಿಸ್ಕತ್ತಾಗಿ, ದೋಸೆ ಮಿಕ್ಸಾಗಿ, ಮಾಲ್ಟಾಗಿ ಎಲ್ಲ ಕಡೆ ಕೂತಿತ್ತು. ಆದರೆ ಮರ್ಯಾದೆ ಬಂದದ್ದು ಹಿಟ್ಟಿಗೆ, ಮುದ್ದೆಗೆ ಇನ್ನೂ ಪೂರ್ತಿ ಬಂದಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಪನೀರ್ ಹಾಕಿಸುವ ನಮ್ಮವರು ಬಸ್ಸಾರು ಹಾಕಿಸಲು ನಾಚುತ್ತಾರೆ, ಬೀಗರೂಟಕ್ಕೆ ಮಾತ್ರ ಮುದ್ದೆ. ಈ ನಾಚಿಕೆ ಹೋಗಲು ದೊಡ್ಡ ಹೋಟೆಲಿನ ಬಿಳಿ ಮೇಜುಬಟ್ಟೆ ನೆರವಾಗುವುದಾದರೆ ಆಗಲಿ.

ಆದರೆ ಹೊತ್ತು ಮೀರುತ್ತಿದೆ. ಅರಕಲಗೂಡಿನ ಕಡೆ ಹೊಲ ಹೊಗೆಸೊಪ್ಪಿಗೆ, ಶುಂಠಿಗೆ, ಮುಸುಕಿನ ಜೋಳಕ್ಕೆ ಹೋಗಿದೆ. ಹೊಗೆಸೊಪ್ಪೂ ಗಿಡವೇ ಎಂದು ಪ್ಲಾಂಟ್ ಬೇಸ್ಡ್ ಗೆಳೆಯರಿಗೆ ನೆನಪಿಸಬೇಕು. ಕಳೆನಾಶಕ ಬಿದ್ದಲ್ಲಿ ಅಣ್ಣೆ ಸೊಪ್ಪೂ ಗೋಣಿಯೂ ಒಟ್ಟಿಗೆ ಸಾಯುತ್ತವೆ, ಅವು ಔಷಧಿಯ ಲೆಕ್ಕದಲ್ಲಿ ಬರೀ ಕಳೆ. ಬೆರಕೆ ಸೊಪ್ಪು ಆರಿಸಬಲ್ಲವರು ಈಗ ಹೆಚ್ಚಾಗಿ ಅರವತ್ತು ದಾಟಿದ ಹೆಂಗಸರು. ಬಿ.ಎಂ. ರಸ್ತೆಯಲ್ಲಿ ಆ ಹೋಟೆಲ್ ತೆರೆದ ದಿನ ನಾನು ಕೇಳುವುದು ಎರಡೇ. ಬೆರಕೆ ಸೊಪ್ಪನ್ನು ಯಾರ ಹೊಲದಿಂದ, ಯಾರ ಕೈಯಿಂದ, ಎಷ್ಟು ಕೊಟ್ಟು ತರಿಸುತ್ತೀರಿ? ಅದನ್ನು ಆರಿಸಿಕೊಟ್ಟವಳು ರಾತ್ರಿ ಮನೆಯಲ್ಲಿ ಕೋಳಿ ಸಾರು ಉಂಡವಳಾದರೆ ನಿಮ್ಮ ಅಡುಗೆಮನೆಯಲ್ಲಿ ಅವಳಿಗೆ ಸೌಟು ಕೊಡುತ್ತೀರೋ ಇಲ್ಲವೋ?