ಹೆಣಿಗೆಯ ಪುಟ: ಬಣ್ಣದ ಉಣ್ಣೆಯ ಟೋಪಿ

ಒಂದೇ ಬಣ್ಣದ ಉಣ್ಣೆಯಲ್ಲಿ ಟೋಪಿಯನ್ನು ಹೆಣೆಯಬಲ್ಲ ಸೋದರಿಯರು ನಮ್ಮಲ್ಲಿ ಎಷ್ಟೋ ಮಂದಿ ಇರುವರು. ಆದರೆ ಒಂದೇ ಸುತ್ತಿನಲ್ಲಿ ಎರಡು ಬಣ್ಣಗಳನ್ನು ಕೂಡಿಸಿ ಹೂ ತೆಗೆಯಬೇಕೆಂದೊಡನೆ ಬಹುಮಂದಿ ಹಿಂಜರಿಯುವರು. ಮಾಡಿ ನೋಡಿದವರ ದೂರೂ ಒಂದೇ: ಹೊರಗೆ ನೋಡುವುದಕ್ಕೆ ಸೊಗಸಾಗಿದೆ, ತಲೆಗೆ ಮಾತ್ರ ಹತ್ತುವುದಿಲ್ಲ. ಇದಕ್ಕೆ ಕಾರಣವು ಟೋಪಿಯ ಒಳಮೈಯಲ್ಲಿ ಅಡಗಿದೆ. ಅದನ್ನು ಹೇಳುವ ಮುನ್ನ ಈ ಕಸುಬು ಬೆಳೆದ ನಾಡಿನ ಸಂಗತಿಯನ್ನು ಸ್ವಲ್ಪ ತಿಳಿಸುವುದು ಉಚಿತ.

ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ಮತ್ತು ಷೆಟ್ಲೆಂಡ್ ಎಂಬ ಎರಡು ದ್ವೀಪಸಮೂಹಗಳಿವೆ. ಇವುಗಳ ನಡುವೆ ಮೂರು ಮೈಲಿ ಉದ್ದ, ಒಂದೂವರೆ ಮೈಲಿ ಅಗಲದ ಫೇರ್ ಐಲ್ ಎಂಬ ಸಣ್ಣದೊಂದು ದ್ವೀಪವಿದೆ. ಈ ಬಗೆಯ ಹೆಣಿಗೆಗೆ ಇಂದು ಲೋಕದಲ್ಲೆಲ್ಲ ಅದರದೇ ಹೆಸರು. ಷೆಟ್ಲೆಂಡಿನ ಕುರಿಗಳ ಉಣ್ಣೆಯು ಬಿಳಿ, ಬೂದು, ಕಂದು, ಕಪ್ಪು ಎಂದು ಹುಟ್ಟಿನಿಂದಲೇ ಹಲವು ಬಣ್ಣದ್ದು. ನೀಲಿಗೂ, ನಮ್ಮ ಮಂಜಿಷ್ಠದ ಕುಲಕ್ಕೆ ಸೇರಿದ ಬೇರಿನ ಕೆಂಪಿಗೂ ಮಾತ್ರ ಹೊರನಾಡಿನ ಸರಕು ಬೇಕಾಗುತ್ತಿತ್ತು.

೧೫೮೮ರಲ್ಲಿ ಸ್ಪೇನಿನ ನೌಕಾಪಡೆಯ ಹಡಗೊಂದು ಫೇರ್ ಐಲಿನ ಬಂಡೆಗಳಿಗೆ ಬಡಿದು ಒಡೆಯಿತು, ಇದು ದಿಟ. ಪಾರಾದ ನಾವಿಕರಿಂದಲೇ ಅಲ್ಲಿಯ ಹೆಂಗಸರು ಈ ಚಿತ್ರಗಳನ್ನು ಕಲಿತರೆಂಬುದು ಮಾತ್ರ ಬರಿಯ ಕಥೆ, ಅದಕ್ಕೆ ಆಧಾರವಿಲ್ಲ. ಆಧಾರವುಳ್ಳ ಸಂಗತಿ ಬೇರೆಯದು. ಷೆಟ್ಲೆಂಡಿನ ಗನಿಸ್ಟರ್ ಎಂಬಲ್ಲಿ ೧೯೫೧ರಲ್ಲಿ ಜೌಗುನೆಲವನ್ನು ಅಗೆಯುತ್ತಿರುವಾಗ, ೧೭೦೦ರ ಸುಮಾರಿಗೆ ಹೂಳಲ್ಪಟ್ಟ ಒಬ್ಬ ಮನುಷ್ಯನ ಉಡುಪು ದೊರೆಯಿತು. ಟೋಪಿ, ಕಾಲುಚೀಲ, ಕೈಗವಸು, ಎಲ್ಲವೂ ಉಣ್ಣೆಯವು. ಜೊತೆಯಲ್ಲಿದ್ದ ಪುಟ್ಟ ಹಣದ ಚೀಲದಲ್ಲಿ ಬೂದು ನೆಲದ ಮೇಲೆ ಕೆಂಪು ಬಿಳುಪಿನ ಚಿತ್ತಾರ! ಅವನ ಹೆಸರು ಯಾರಿಗೂ ತಿಳಿಯದು. ಚೀಲ ಹೆಣೆದವಳ ಹೆಸರೂ ತಿಳಿಯದು. ೧೯೨೨ರಲ್ಲಿ ಇಂಗ್ಲೆಂಡಿನ ಯುವರಾಜನು ಗಾಲ್ಫ್ ಆಡುವಾಗ ಈ ಬಗೆಯ ಅಂಗಿಯನ್ನು ತೊಟ್ಟ ಮೇಲೆ ಊರೂರಿನ ಷೋಕಿಗಾರರಿಗೂ ಅದೇ ಬೇಕಾಯಿತೆಂಬುದು ಬಲ್ಲವರಿಗೆಲ್ಲ ಗೊತ್ತು.

ಇನ್ನು ಕೆಲಸಕ್ಕೆ ಬರೋಣ. ಪ್ರಾಯದವರ ತಲೆಯ ಸುತ್ತಳತೆ ಸುಮಾರು ಇಪ್ಪತ್ತೆರಡು ಅಂಗುಲ. ಟೋಪಿಯು ಅದಕ್ಕಿಂತ ಒಂದೂವರೆ ಅಂಗುಲ ಕಡಿಮೆಯಿದ್ದರೇನೇ ಜಾರದೆ ನಿಲ್ಲುವುದು. ಅಂಗುಲಕ್ಕೆ ಏಳು ಕುಣಿಕೆ ಬರುವ ಸಣ್ಣ ಎಳೆಯ ಉಣ್ಣೆಯಾದರೆ ೧೪೪ ಕುಣಿಕೆಗಳನ್ನು ಹಾಕತಕ್ಕದ್ದು. ಈ ಸಂಖ್ಯೆಯನ್ನು ಸುಮ್ಮನೆ ಹೇಳಲಿಲ್ಲ. ೧೪೪ನ್ನು ನಾಲ್ಕರಿಂದಲೂ ಆರರಿಂದಲೂ ಎಂಟರಿಂದಲೂ ಶೇಷವಿಲ್ಲದೆ ಭಾಗಿಸಬಹುದು. ಆದ್ದರಿಂದ ಯಾವ ಹೂವೂ ಸುತ್ತಿನ ಕೊನೆಯಲ್ಲಿ ಅರ್ಧಕ್ಕೆ ಕಡಿದುಹೋಗುವುದಿಲ್ಲ. ನಮ್ಮ ಹೆಂಗಸರಿಗೆ ಈ ಲೆಕ್ಕ ಹೊಸದಲ್ಲ, ಚುಕ್ಕಿ ಎಣಿಸಿ ರಂಗೋಲಿ ಇಡುವವರೇ ತಾನೆ!

ಎರಡು ತುದಿಯೂ ಮೊನೆಯಾದ ಕಡ್ಡಿಗಳ ಮೇಲೆ ಕುಣಿಕೆಗಳನ್ನು ಹಂಚಿ, ಎರಡು ಸೀದಾ ಎರಡು ಉಲ್ಟಾ ಪ್ರಕಾರ ಎರಡು ಅಂಗುಲ ಅಂಚನ್ನು ಹೆಣೆಯಿರಿ. ಇದಕ್ಕೆ ಕಡ್ಡಿಯು ಸ್ವಲ್ಪ ಸಣ್ಣದಿರಲಿ. ಮುಂದೆ ಎಲ್ಲವೂ ಸೀದಾ. ಹೊರಮೈ ಸದಾ ನಿಮ್ಮ ಕಣ್ಣೆದುರಿಗೇ ಇರುವುದು. ಮೂರು ಸುತ್ತು ನೆಲದ ಬಣ್ಣ. ಬಳಿಕ ಹೂ. ಒಂದನೆಯ ಸುತ್ತು: ಹೂವಿನ ಬಣ್ಣ ಒಂದು, ನೆಲ ಐದು. ಎರಡನೆಯದು: ಹೂ ಎರಡು, ನೆಲ ಮೂರು, ಹೂ ಒಂದು. ಮೂರನೆಯದು: ಹೂ ಮೂರು, ನೆಲ ಒಂದು, ಹೂ ಎರಡು. ನಾಲ್ಕನೆಯದು ಎರಡನೆಯದರಂತೆ, ಐದನೆಯದು ಒಂದನೆಯದರಂತೆ. ಇಪ್ಪತ್ತನಾಲ್ಕು ವಜ್ರಾಕೃತಿಗಳು ಸಾಲಾಗಿ ನಿಲ್ಲುವುವು. ನಡುಸುತ್ತಿಗೆ ಮಾತ್ರ ಬೇರೆ ಉಜ್ಜ್ವಲವಾದ ಬಣ್ಣವನ್ನು ಹಿಡಿದರೆ ಹೂವಿಗೆ ಜೀವ ಬರುವುದು. ಎಷ್ಟು ಬಣ್ಣದ ಟೋಪಿಯಾದರೂ ಒಂದು ಸುತ್ತಿನಲ್ಲಿ ಎರಡೇ ಎಳೆ, ಷೆಟ್ಲೆಂಡಿನವರ ಕಟ್ಟಳೆಯಿದು. ಹೂಪಟ್ಟಿಯಾದ ಮೇಲೆ ಮೂರು ಸುತ್ತು ನೆಲ. ಹೀಗೆ ಮೂರು ಪಟ್ಟಿ.

ಈಗ ಆ ಒಳಮೈಯ ಮಾತು. ಹೂವಿನ ಬಣ್ಣ ಕೆಲಸ ಮಾಡುತ್ತಿರುವಾಗ ನೆಲದ ಎಳೆಯು ಹಿಂದೆ ಸುಮ್ಮನೆ ಹಾಯುತ್ತಿರುವುದು. ನೆಲದ ಸರದಿಯಲ್ಲಿ ಹೂವಿನದು. ಹೀಗೆ ಹಾಯುವ ಎಳೆಗೆ ಕುಣಿಕೆಯಂತೆ ಹಿಗ್ಗುವ ಗುಣವಿಲ್ಲ. ಅದನ್ನು ಬಿಗಿಯಾಗಿ ಎಳೆದರೆ ಟೋಪಿಯ ಸುತ್ತಳತೆಯನ್ನೇ ಕಟ್ಟಿಹಾಕುವುದು. ಆಮೇಲೆ ಎಷ್ಟು ಒಗೆದು ಹಿಗ್ಗಿಸಿದರೂ ಪ್ರಯೋಜನವಿಲ್ಲ. ಆದುದರಿಂದ ಬಣ್ಣ ಬದಲಿಸುವಾಗಲೆಲ್ಲ ಬಲಗಡ್ಡಿಯ ಮೇಲಿನ ಕುಣಿಕೆಗಳನ್ನು ಬೆರಳಿನಿಂದ ಅಗಲಿಸಿ, ಅನಂತರವೇ ಮುಂದಿನ ಎಳೆಯನ್ನು ತರಬೇಕು. ಐದು ಕುಣಿಕೆಗಿಂತ ಉದ್ದಕ್ಕೆ ಎಳೆಯನ್ನು ಬಿಡದಿರುವುದು ಲೇಸು. ಮಕ್ಕಳ ಕುಲಾವಿಯಲ್ಲಂತೂ ಬೆರಳು ಸಿಕ್ಕಿಕೊಳ್ಳುವುದು. ಇನ್ನೊಂದು ಸೂಕ್ಷ್ಮ: ಹೂವಿನ ಎಳೆ ಯಾವಾಗಲೂ ಕೆಳಗಿನಿಂದ, ನೆಲದ ಎಳೆ ಯಾವಾಗಲೂ ಮೇಲಿನಿಂದ ಬರಲಿ. ಕೆಳಗಿನಿಂದ ಬಂದದ್ದು ಎದ್ದು ತೋರುವುದು. ನಡುವೆ ಅದಲುಬದಲಾದರೆ ಹೂ ಅಲ್ಲಲ್ಲಿ ಮಂಕಾಗುವುದು.

ನೆತ್ತಿಗಾಗಿ ಕುಣಿಕೆಗಳನ್ನು ಹದಿನೆಂಟರಂತೆ ಎಂಟು ಪಾಲು ಮಾಡಿ, ಸುತ್ತು ಬಿಟ್ಟು ಸುತ್ತು, ಪ್ರತಿ ಪಾಲಿನ ಕೊನೆಯ ಎರಡನ್ನು ಕೂಡಿಸಿ ಒಂದಾಗಿ ಹೆಣೆಯಿರಿ. ಪಾಲಿಗೆ ಒಂಬತ್ತು ಉಳಿದಾಗ ಪ್ರತಿ ಸುತ್ತಿನಲ್ಲಿಯೂ ಕೂಡಿಸಿರಿ. ಎಂಟೇ ಕುಣಿಕೆ ಉಳಿದಾಗ ಎಳೆಯನ್ನು ಅವುಗಳಲ್ಲಿ ತೂರಿಸಿ ಬಿಗಿದು ಒಳಗೆ ಮುಚ್ಚಿಬಿಡಿ.

ಲೆಕ್ಕ ಹಾಕಿದರೆ ಒಂದು ಟೋಪಿಗೆ ಕುಣಿಕೆಗಳು ಎಂಟು ಸಾವಿರವನ್ನು ಮೀರುವುವು. "ಉಣ್ಣೆಯ ಕ್ರಯ ಕೊಡುತ್ತೇನೆ, ನನಗೂ ಒಂದು ಹೆಣೆದುಕೊಡಿ" ಎನ್ನುವವರು ಇದನ್ನು ಬಲ್ಲರೋ ಇಲ್ಲವೋ. ಷೆಟ್ಲೆಂಡಿನ ಹೆಂಗಸರು ಒಂದು ಕಡ್ಡಿಯನ್ನು ಸೊಂಟದ ತೊಗಲುಪಟ್ಟಿಯ ತೂತಿಗೆ ಸಿಕ್ಕಿಸಿ, ಬೆನ್ನ ಮೇಲೆ ಉರುವಲಿನ ಜೌಗುಮಣ್ಣಿನ ಬುಟ್ಟಿ ಹೊತ್ತು ನಡೆಯುತ್ತಲೇ ಹೆಣೆಯುತ್ತಿದ್ದರು. ಹೆಣೆದದ್ದನ್ನು ಅಂಗಡಿಗೆ ಒಯ್ದರೆ ವರ್ತಕನು ಹಣ ಕೊಡುತ್ತಿರಲಿಲ್ಲ. ಚಹದ ಸೊಪ್ಪನ್ನೋ ಅರಿವೆಯನ್ನೋ ಅಳೆದುಕೊಡುತ್ತಿದ್ದನು. ಮನೆಯಲ್ಲಿ ಹಿಟ್ಟಿಲ್ಲದವಳು ಆ ಚಹವನ್ನು ಹೊತ್ತು ನೆರೆಮನೆಗಳಲ್ಲಿ ಹಿಟ್ಟಿಗಾಗಿ ಬದಲಾಯಿಸಬೇಕಾಗುತ್ತಿತ್ತು. ಸರಕಾರದ ವಿಚಾರಣೆಯು ೧೮೭೨ರ ವರದಿಯಲ್ಲಿ ಇದನ್ನೆಲ್ಲ ಆ ಹೆಂಗಸರ ಬಾಯಿಂದಲೇ ಬರೆದುಕೊಂಡಿದೆ. ಹೆಣೆಯಲು ಬಲ್ಲ ಸೋದರಿಯರು ಕೂಲಿಯನ್ನು ಬಾಯಿಬಿಟ್ಟು ಕೇಳುವುದಕ್ಕೆ ನಾಚಬಾರದೆಂದೇ ನನ್ನ ಮತ.

ಒಗೆಯುವ ಮೊದಲು ಕೆಂಪು ಎಳೆಯ ತುಂಡನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಒತ್ತಿ, ಬಣ್ಣ ಬಿಡುವುದೇ ಎಂದು ನೋಡತಕ್ಕದ್ದು. ಉಗುರುಬೆಚ್ಚಗಿನ ನೀರಿನಲ್ಲಿ ಅಂಟುವಾಳದ ನೊರೆಯೇ ಸಾಕು. ಉಜ್ಜಲೂ ಕೂಡದು, ಹಿಂಡಲೂ ಕೂಡದು; ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ತಲೆಯಷ್ಟು ದಪ್ಪದ ಪಾತ್ರೆಯೊಂದನ್ನು ಬೋರಲು ಹಾಕಿ ಅದರ ಮೇಲೆ ತೊಡಿಸಿ, ನೆರಳಿನಲ್ಲಿ ಒಣಗಿಸಿರಿ. ಒಣಗಿದ ಮೇಲೆ ಹೂಗಳು ಎಳೆದಿಟ್ಟಂತೆ ಸಮವಾಗಿ ಕೂತಿರುವುವು.